ಕೆಂಪು ಗೆರೆಯ ಮೂರನೆಯ ಸ್ಟೇಷನ್

ಓಡುವ ಮೆಟ್ಟಿಲಿನ ಮೇಲೆ ಬಲಗಡೆ ನಿಲ್ಲಬೇಕು, ಎಡಗಡೆಯನ್ನು ಅವಸರದವರಿಗೆ ಬಿಡಬೇಕು ಎನ್ನುವುದು ಕಮಲಮ್ಮನಿಗೆ ಲಂಡನ್ನಿಗೆ ಬಂದ ಮೂರನೆಯ ದಿನ ಗೊತ್ತಾಯಿತು. ಗೊತ್ತುಮಾಡಿಸಿದವನು ಒಬ್ಬ ಮುದುಕ. ಹಿಂದಿನಿಂದ ಇಳಿದು ಬಂದವನು, ಅವಳು ತಾನಾಗಿ ಸರಿಯುವವರೆಗೂ ಮಡಿಸಿದ ಛತ್ರಿಯನ್ನು ಎದೆಗೊತ್ತಿಕೊಂಡು ಸುಮ್ಮನೆ ನಿಂತಿದ್ದ. ಅವನು ಗದರಿದ್ದರೆ ಅವಳು ಅಲ್ಲೇ ಮರೆತುಬಿಡುತ್ತಿದ್ದಳೇನೋ. ಇವತ್ತು, ಐದನೆಯ ದಿನ, ಗೋಲ್ಡರ್ಸ್ ಗ್ರೀನ್ ಸ್ಟೇಷನ್ನಿನ ಕಡೆ ನಡೆಯುವಾಗಲೂ ಆ ಛತ್ರಿ ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಹೊಸದುರ್ಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೂಗೋಳ ಕಲಿಸುತ್ತಿರುವವಳು, ಪ್ರತಿ ವರ್ಷ ಜುಲೈ ತಿಂಗಳಲ್ಲಿ ಬೆತ್ತದ ತುದಿಯಿಂದ ಗೋಡೆಯ ನಕ್ಷೆಯ ಮೇಲೆ ಲಂಡನ್ ಎಂಬ ಚುಕ್ಕೆಯನ್ನು ಮುಟ್ಟಿ ತೋರಿಸಿದವಳು, ಆ ಚುಕ್ಕೆಯ ಒಳಗೆ ಎಡ ಯಾವುದು ಬಲ ಯಾವುದು ತಿಳಿಯದೆ ಒಬ್ಬ ಮುದುಕನನ್ನು ದಾರಿಯಲ್ಲಿ ನಿಲ್ಲಿಸಿಬಿಟ್ಟಳಲ್ಲ. ಪಕ್ಕದಲ್ಲಿ ಅವಳ ಸೋದರತ್ತೆ ಬೋರಕ್ಕ ಬರುತ್ತಿದ್ದಳು. ಬೋರಕ್ಕನ ಮಣಿಕಟ್ಟು ಕಮಲಮ್ಮನ ಕೈಯಲ್ಲಿತ್ತು; ಮನೆ ಬಿಟ್ಟ ಗಳಿಗೆಯಿಂದ ತಿರುಗಿ ಬರುವವರೆಗೆ ಅದು ಅವಳ ಕೈಯಲ್ಲೇ ಇರುತ್ತಿತ್ತು. ಮೊದಲ ದಿನವೇ ಬೋರಕ್ಕ ಕೇಳಿದ್ದಳು: "ಏನೇ ಕಮಲೀ, ನಾಡಿ ನೋಡ್ತಾ ಇದೀಯಾ? ನಿಂತಿಲ್ಲ ಬಿಡು, ಓಡ್ತಾ ಐತೆ." ಕಮಲಮ್ಮ ನಕ್ಕಿದ್ದಳು. ಕೈ ಮಾತ್ರ ಬಿಟ್ಟಿರಲಿಲ್ಲ.

ಕರೆ ಬಂದಿದ್ದು ಬೋರಕ್ಕನಿಗೆ. ಚಿತ್ರದುರ್ಗದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಡಾಕ್ಟರಾಗಿದ್ದ ಮಿಸ್ ಪೆನ್‌ಫೋಲ್ಡ್, ಅಷ್ಟೂ ವರ್ಷ ತನ್ನ ಪಕ್ಕದಲ್ಲಿ ಬಿಸಿನೀರು ಹಿಡಿದು ನಿಂತಿದ್ದ ಆಯಾಳನ್ನು ಒಂದು ಸಲ ತನ್ನ ಊರಿಗೆ ಕರೆಸಿಕೊಳ್ಳಬೇಕೆಂದು ಹಟ ಹಿಡಿದು, ಎಪ್ಪತ್ತಮೂರನೆಯ ಇಸವಿಯ ಬೇಸಿಗೆ ರಜಕ್ಕೆ ಸರಿಹೊಂದಿಸಿ ಎರಡು ವಿಮಾನದ ಟಿಕೇಟು ಕಳಿಸಿದ್ದಳು. ಎರಡನೆಯದು ಓದು ಬಾರದ ಬೋರಕ್ಕನ ಜೊತೆಗೆ ಬರಬೇಕಾದ, ಇಂಗ್ಲಿಷ್ ಬಲ್ಲ ಒಬ್ಬರಿಗೆ. ಆ ಒಬ್ಬರು ತಾನು ಎಂದು ಕಮಲಮ್ಮ ಆರು ತಿಂಗಳು ಹಿಗ್ಗಿದ್ದಳು. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆಲ್ಲ, ಅತ್ತೆಗೆ ಮಾತು ಬರುವುದಿಲ್ಲವಲ್ಲ, ನಾನು ಹೋಗಲೇಬೇಕು ಎಂದಿದ್ದಳು. ಆದರೆ ಬಂದ ರಾತ್ರಿ ಊಟದ ಮೇಜಿನ ಮುಂದೆ ಕೂತು ಬಾಯಲ್ಲಿ ಒಂದು ಒಳ್ಳೆಯ ಇಂಗ್ಲಿಷ್ ವಾಕ್ಯವನ್ನು ಜೋಡಿಸುತ್ತಿರುವಾಗಲೇ ಡಾಕ್ಟರಮ್ಮ ಬೋರಕ್ಕನ ಕಡೆ ಬಾಗಿ, "ಮಂಡಿನೋವು ಹೆಂಗೈತೆ ಬೋರಕ್ಕಾ? ಆ ದಾಸಣ್ಣನ ಎರಡ್ನೇ ಮಗಳಿಗೆ ಹೆರಿಗೆ ಆತಾ?" ಎಂದು ಕೇಳಿಬಿಟ್ಟಳು. ವಾರ್ಡಿನಲ್ಲಿ ಕಲಿತ ಕನ್ನಡ. ಬಾಗೂರಿನಿಂದ, ಮಾಡದಕೆರೆಯಿಂದ ಗಾಡಿಯಲ್ಲಿ ಬಂದ ಬಸುರಿಯರ ಬಾಯಿಂದ ನೇರವಾಗಿ ಎತ್ತಿಕೊಂಡ ಕನ್ನಡ. ಆ ರಾತ್ರಿ ಇಬ್ಬರು ಮುದುಕಿಯರೂ ಹನ್ನೊಂದರವರೆಗೆ ಮಾತಾಡಿದರು, ಸತ್ತವರನ್ನೂ ಹುಟ್ಟಿದವರನ್ನೂ ಒಬ್ಬೊಬ್ಬರಾಗಿ ಕರೆದು ಕೂರಿಸಿಕೊಂಡು. ಕಮಲಮ್ಮ ತನ್ನ ವಾಕ್ಯವನ್ನು ನುಂಗಿ, ತಟ್ಟೆಯಲ್ಲಿದ್ದ ಬಟಾಣಿಯನ್ನು ಮುಳ್ಳುಚಮಚದಿಂದ ಚುಚ್ಚಲು ನೋಡಿದಳು. ಬಟಾಣಿ ಜಾರಿತು. ಡಾಕ್ಟರಮ್ಮ ಅದನ್ನು ನೋಡಿಯೂ ನೋಡದಂತೆ ತನ್ನ ಮುಳ್ಳುಚಮಚ ಕೆಳಗಿಟ್ಟು ಕೈಯಿಂದ ಬ್ರೆಡ್ಡು ಮುರಿದಳು, ಆಮೇಲೆ ಒಂದೆರಡು ಬಟಾಣಿಯನ್ನೂ ಕೈಯಲ್ಲೇ ಬಾಯಿಗೆ ಹಾಕಿಕೊಂಡಳು. ಅದು ದಾಕ್ಷಿಣ್ಯವೆಂದು ತಿಳಿದೂ, ತಿಳಿದದ್ದರಿಂದಲೇ, ಕಮಲಮ್ಮನಿಗೆ ಅಳು ಬಂದಂತಾಯಿತು.

ಅವಳ ಪಾಲಿಗೆ ಉಳಿದದ್ದು ನೆಲದ ಕೆಳಗಿನ ರೈಲು. ಸೊಂಟದ ಮೂಳೆ ಸವೆದಿದ್ದ ಡಾಕ್ಟರಮ್ಮನಿಗೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಮಡಿಸಿದ ನಕ್ಷೆಯೊಂದನ್ನು ಕಮಲಮ್ಮನ ಕೈಗೆ ಕೊಟ್ಟು, ಊರನ್ನು ನೀನೇ ತೋರಿಸಬೇಕು, ಟೀಚರಲ್ಲವಾ ಎಂದಳು. ಅವತ್ತು ರಾತ್ರಿ ಹಾಸಿಗೆಯ ಮೇಲೆ ಆ ನಕ್ಷೆ ಬಿಡಿಸಿದಾಗ ಕಮಲಮ್ಮನಿಗೆ ಎದೆಯಲ್ಲಿ ಏನೋ ತಿರುಗಿ ಕೂತ ಹಾಗಾಯಿತು. ಅದಕ್ಕೆ ಪ್ರಮಾಣ ಇರಲಿಲ್ಲ. ಎರಡು ಸ್ಟೇಷನ್ನುಗಳ ನಡುವೆ ಅರ್ಧ ಮೈಲಿ ಇರಲಿ ಎರಡು ಮೈಲಿ ಇರಲಿ, ನಕ್ಷೆಯಲ್ಲಿ ಎಲ್ಲ ಹೆಚ್ಚುಕಡಿಮೆ ಒಂದೇ ಬೆರಳಗಲ. ಥೇಮ್ಸ್ ನದಿ ಪಟ್ಟಿ ಹಿಡಿದು ಗೀಚಿದಂತೆ ಮೂಲೆ ಮೂಲೆಯಾಗಿ ತಿರುಗಿತ್ತು. ಹೀಗೆ ಬರೆದ ಹುಡುಗಿಗೆ ತಾನಾದರೆ ಸೊನ್ನೆ ಹಾಕುತ್ತಿದ್ದೆ ಅಂದುಕೊಂಡಳು, ಆದರೂ ಕಣ್ಣು ಕೀಳಲಾಗಲಿಲ್ಲ. ಕಪ್ಪು ಗೆರೆ, ಕೆಂಪು ಗೆರೆ, ಹಸಿರು, ಹಳದಿ. ಎಷ್ಟು ದೂರ ಎಂದು ಯಾರೂ ಕೇಳುತ್ತಿಲ್ಲ, ಯಾವುದಾದ ಮೇಲೆ ಯಾವುದು ಎಂದಷ್ಟೇ ಕೇಳುತ್ತಿದ್ದಾರೆ. ಹೊಸದುರ್ಗವನ್ನೂ ಹೀಗೆ ಬರೆಯಬಹುದಲ್ಲ ಎಂದು ಹೊಳೆದು, ನಿದ್ದೆ ಬರುವವರೆಗೆ ಕತ್ತಲಲ್ಲಿ ಬಾಗೂರಿಗೊಂದು ಬಣ್ಣ, ಹೊಳಲ್ಕೆರೆಗೊಂದು ಬಣ್ಣ, ಹಿರಿಯೂರಿಗೊಂದು ಬಣ್ಣ ಕೊಡುತ್ತ ಮಲಗಿದ್ದಳು.

ಇವತ್ತು ಹೊರಟಿದ್ದು ಸೇಂಟ್ ಪಾಲ್ಸ್ ಎಂಬ ದೊಡ್ಡ ಇಗರ್ಜಿ ನೋಡಲು. ಬೋರಕ್ಕನ ಬಾಯಲ್ಲಿ ಅದು ಗುಡಿ. ಕಪ್ಪು ಗೆರೆಯ ಗಾಡಿ ಸ್ವಲ್ಪ ಹೊತ್ತು ಬಯಲಲ್ಲಿ ನಿಂತಿದ್ದು ಆಮೇಲೆ ನೆಲದೊಳಗೆ ನುಗ್ಗಿತು. ಕಿಟಕಿಗಳೆಲ್ಲ ಒಮ್ಮೆಗೇ ಕನ್ನಡಿಗಳಾದವು. ಎದುರಿನ ಸಾಲಿನಲ್ಲಿ ಆರು ಜನ ಆರು ಪತ್ರಿಕೆ ಹಿಡಿದು ಕೂತಿದ್ದರು. ಪತ್ರಿಕೆಯ ಕೆಳಗೆ ಬೂಟುಗಳು, ಮೇಲೆ ಬೆರಳುಗಳು. ಹೊಸದುರ್ಗದಿಂದ ಹೊಳಲ್ಕೆರೆ ತಲುಪುವುದರೊಳಗೆ ಪಕ್ಕದವರ ಹೊಲದಲ್ಲಿ ಏನು ಬಿತ್ತಿದ್ದಾರೆ, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಲ್ಲ ತಿಳಿದಿರುತ್ತದೆ. ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗುತ್ತಿದ್ದರೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೊದಲ ದಿನ ಅದು ಅವಳಿಗೆ ಬಿಗುಮಾನವೆನಿಸಿತ್ತು. ಈಗ ಅನುಮಾನ. ಒತ್ತಾಗಿ ನಿಂತ ಜನ ಒಬ್ಬರಿಗೊಬ್ಬರು ಕೊಡಬಹುದಾದ ಜಾಗ ಇದೊಂದೇ ಇರಬಹುದೇ? ಬೋರಕ್ಕ ಪ್ರತಿ ಸ್ಟೇಷನ್ನಿಗೂ ಹೆಬ್ಬೆರಳನ್ನು ಬೆರಳ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತಿದ್ದಳು. "ಇಲ್ಲಿಂದ ಎಷ್ಟನೇದು?" ಎಂದು ಹತ್ತುವಾಗಲೇ ಕೇಳಿಕೊಂಡಿರುತ್ತಿದ್ದಳು. ಹೆಸರು ಗೋಡೆಯ ಮೇಲೇ ಬರೆದಿರುತ್ತದೆ ಅತ್ತೆ, ನಾನು ಓದುತ್ತೇನೆ, ಎಣಿಸುವುದು ಯಾಕೆ ಎಂದು ಕಮಲಮ್ಮ ನಾಲ್ಕು ದಿನವೂ ಹೇಳಿದ್ದಳು. ಹೇಳಿದಾಗಲೆಲ್ಲ ತನ್ನ ದನಿಯಲ್ಲಿ ಕ್ಲಾಸಿನ ಕೊನೆಯ ಬೆಂಚಿಗೆ ಹೇಳುವ ತಾಳ್ಮೆ ಇರುವುದು ಅವಳಿಗೇ ಕೇಳಿಸುತ್ತಿತ್ತು.

ಒಂಬತ್ತನೆಯದರಲ್ಲಿ ಇಳಿದರು. ಟಾಟನ್‌ಹ್ಯಾಮ್ ಕೋರ್ಟ್ ರೋಡ್. ಬೋರಕ್ಕ ಅದನ್ನು ಕೋರ್ಟು ಎಂದಷ್ಟೇ ಕರೆಯುತ್ತಿದ್ದಳು. ಇಲ್ಲಿ ಕಪ್ಪು ಗೆರೆ ಬಿಟ್ಟು ಕೆಂಪು ಗೆರೆ ಹಿಡಿಯಬೇಕು. ಅಲ್ಲಿಂದ ಎಷ್ಟನೇದು ಎಂದು ಅವಳು ಕೇಳಿದ್ದಕ್ಕೆ ಕಮಲಮ್ಮ ಬಾಣದ ಗುರುತು ಹುಡುಕುತ್ತ, ಮೂರನೇದು ಎಂದಳು. ಬಿಳಿ ಹೆಂಚಿನ ಓಣಿಗಳಲ್ಲಿ ತಿರುಗಿ, ಇಳಿದು, ಮತ್ತೆ ತಿರುಗಿ ಕೆಂಪು ಗೆರೆಯ ಪ್ಲಾಟ್‌ಫಾರ್ಮಿಗೆ ಬಂದಾಗ ಅಲ್ಲಿ ತುಂಬ ಜನ. ಗಾಡಿಗಿಂತ ಮೊದಲು ಅದರ ಗಾಳಿ ಬರುವುದನ್ನು ಕಮಲಮ್ಮ ಎರಡನೆಯ ದಿನವೇ ಗಮನಿಸಿದ್ದಳು. ಸುರಂಗದ ಬಾಯಿಂದ ಮೊದಲು ಬಿಸಿ ಗಾಳಿ, ಆಮೇಲೆ ಹಳಿಯ ಸದ್ದು, ಆಮೇಲೆ ಎರಡು ದೀಪ. ಊರ ಕಡೆಯ ಹಾಲುರಾಮೇಶ್ವರದ ಕೊಳದ ಮುಂದೆ ಬೇಡಿಕೊಂಡು, ನೀರಿನ ತಳದಿಂದ ಪ್ರಸಾದ ತೇಲಿ ಬರುವುದನ್ನು ಕಾಯುತ್ತ ಕೂರುವ ಜನರ ಹಾಗೆ ಇಲ್ಲಿಯವರೂ ಅದೇ ಕತ್ತಲಿನ ಕಡೆ ಕತ್ತು ತಿರುಗಿಸಿ ನಿಲ್ಲುತ್ತಾರೆ. ಕೊಳದಿಂದ ಅರಿಸಿನ ಬರುತ್ತದೋ ಬಳೆ ಬರುತ್ತದೋ ತಿಳಿಯದು, ಇಲ್ಲಿ ಬರುವುದು ಏನೆಂದು ಎಲ್ಲರಿಗೂ ಗೊತ್ತು; ಆದರೂ ಆ ಕ್ಷಣದಲ್ಲಿ ಎಲ್ಲರ ಮುಖದಲ್ಲೂ ಅದೇ ಆಸೆ. ಇದನ್ನು ಅತ್ತೆಗೆ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಗಾಡಿ ಬಂತು. ಬಾಗಿಲು ತೆರೆಯಿತು. ಒಳಗೆ, ಬಾಗಿಲಿಂದ ನಾಲ್ಕು ಹೆಜ್ಜೆಯಲ್ಲಿ ಒಂದೇ ಒಂದು ಸೀಟು ಖಾಲಿಯಿತ್ತು.

ಆಮೇಲೆ ಎಷ್ಟು ಸಲ ಯೋಚಿಸಿದರೂ ಆ ಗಳಿಗೆಯಲ್ಲಿ ತಾನು ಏನಾದರೂ ಯೋಚಿಸಿದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಯೋಚಿಸಿದ್ದು ಕಾಲು. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಿರುಗುವಾಗಲೇ ಕಿಟಕಿಯೊಳಗೆ ಟವೆಲ್ಲು ಬೀಳುತ್ತದೆ, ಬುಟ್ಟಿ ಬೀಳುತ್ತದೆ, ಕೆಲವೊಮ್ಮೆ ಮಗುವನ್ನೇ ಇಳಿಬಿಡುತ್ತಾರೆ. ವಸ್ತು ಬಿದ್ದ ಸೀಟಿಗೆ ಯಾರೂ ಕೈ ಹಾಕುವುದಿಲ್ಲ. ಜೊತೆಯಲ್ಲಿ ವಯಸ್ಸಾದವರಿದ್ದರೆ ಗಟ್ಟಿಮುಟ್ಟಾದವರು ಮೊದಲು ನುಗ್ಗಿ ಸೀಟು ಹಿಡಿಯಬೇಕು. ಮುದುಕರು ನಿಧಾನವಾಗಿ ಕಂಬಿ ಹಿಡಿದು ಹತ್ತುವವರೆಗೆ ಕಂಡಕ್ಟರು ಹೋಲ್ಡಾನ್ ಎಂದು ಬಾಗಿಲು ಬಡಿಯುತ್ತ ನಿಂತಿರುತ್ತಾನೆ. ಕಮಲಮ್ಮ ಅತ್ತೆಯ ಮಣಿಕಟ್ಟು ಬಿಟ್ಟಳು. ಜನರ ನಡುವೆ ನುಗ್ಗಿದಳು. ಅವಲಕ್ಕಿಯ ಡಬ್ಬಿ, ನೀರಿನ ಬಾಟಲಿ ಇದ್ದ ಬಟ್ಟೆಚೀಲವನ್ನು ಆ ಸೀಟಿನ ಮೇಲಿಟ್ಟು, ಗೆದ್ದವಳ ಹಾಗೆ ತಿರುಗಿ, "ಬಾ ಅತ್ತೆ" ಎಂದಳು. ಇಡೀ ಬೋಗಿ ಆ ಕನ್ನಡಕ್ಕೆ ಒಂದು ಸಲ ತಲೆಯೆತ್ತಿತು. ಬಾಗಿಲು ಮುಚ್ಚಿತ್ತು. ಗಾಜಿನ ಆಚೆ ಬೋರಕ್ಕ ಒಂದು ಕೈಯನ್ನು ಸ್ವಲ್ಪ ಮುಂದೆ ಚಾಚಿ, ಕಂಬಿ ಹಿಡಿಯಲು ಹೊರಟವಳ ಹಾಗೆ ನಿಂತಿದ್ದಳು. ಅವಳ ಮುಖದಲ್ಲಿ ಗಾಬರಿ ಇತ್ತೋ ಇಲ್ಲವೋ ನೋಡುವುದರೊಳಗೆ ಅವಳು ಎಡಕ್ಕೆ ಸರಿದುಹೋದಳು, ಆಮೇಲೆ ಗೋಡೆಯ ಮೇಲಿನ ಸಾಬೂನಿನ ಚಿತ್ರ ಸರಿದುಹೋಯಿತು, ಆಮೇಲೆ ಕತ್ತಲೆ.

ಟಿಕೇಟು ಎರಡೂ ಕಮಲಮ್ಮನ ಪರ್ಸಿನಲ್ಲಿದ್ದವು. ಡಾಕ್ಟರಮ್ಮನ ವಿಳಾಸ ಬರೆದ ಚೀಟಿಯೂ ಅಲ್ಲೇ ಇತ್ತು. ಅರವತ್ತಮೂರು ವರ್ಷದ ಹೆಂಗಸಿನ ಕೈಯಲ್ಲಿ ಏನೂ ಇರಲಿಲ್ಲ. ಇದು ಅವಳಿಗೆ ಈಗ ಹೊಳೆಯಿತು. ಆದರೆ ಅದೇ ಹೊತ್ತಿಗೆ ಪಕ್ಕದ ಗಂಡಸು ಪತ್ರಿಕೆಯನ್ನು ಇನ್ನೊಂದು ಮಡಿಕೆ ಮಡಿಸಿ, ಅವಳು ಕೂರಲೆಂದು ಮೊಣಕೈ ಸರಿಸಿಕೊಂಡ. ಅವನಿಗೆ ಬೇಸರವಾಗಬಾರದು ಎಂಬ ಹಾಗೆ ಅವಳು ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಕೂತಳು. ಮೆತ್ತನೆಯ ಸೀಟು. ಮುಂದಿನ ಸ್ಟೇಷನ್ ಹೋಬರ್ನ್, ಅಲ್ಲಿ ಇಳಿದು ಆಚೆ ಬದಿಯ ಗಾಡಿ ಹತ್ತಿ ಹಿಂದಕ್ಕೆ ಹೋಗಬೇಕು. ನಕ್ಷೆ ತಲೆಯಲ್ಲಿ ಸ್ಪಷ್ಟವಾಗಿತ್ತು. ಗಾಡಿ ಹೋಬರ್ನಿನಲ್ಲಿ ನಿಂತಿತು. ಜನ ಇಳಿದರು. ಕಮಲಮ್ಮ ಚೀಲದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏಳಲಿಲ್ಲ. ಏಳುತ್ತೇನೆ, ಈಗ ಏಳುತ್ತೇನೆ ಎಂದು ಒಳಗೆ ಯಾರೋ ಅನ್ನುತ್ತಲೇ ಇದ್ದರು. ಕೂತವಳು ಮಾತ್ರ ಕೂತೇ ಇದ್ದಳು. ಬಾಗಿಲು ಮುಚ್ಚಿತು. ಕೈ ಖಾಲಿಯಾಗಿತ್ತು. ಹಿಡಿದುಕೊಂಡಿದ್ದ ಮಣಿಕಟ್ಟಿನ ಬಿಸಿ ಇನ್ನೂ ಬೆರಳಲ್ಲಿತ್ತು, ಆದರೆ ಕೈ ಹಗುರವಾಗಿತ್ತು. ನಲವತ್ತೈದು ವರ್ಷದಲ್ಲಿ ತಾನು ಎಂದೂ ಹೀಗೆ ಕೂತಿಲ್ಲ, ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ತಿರುಗಿ ಬರುತ್ತೀ ಎಂದು ಕೇಳುವವರು ಇಲ್ಲದ ಒಂದು ಬೋಗಿಯೊಳಗೆ, ಯಾರ ಸಾಮಾನನ್ನೂ ಕಾಯದೆ. ಎದುರಿನ ಕಪ್ಪು ಗಾಜಿನಲ್ಲಿ ಸೀರೆಯ ಮೇಲೆ ಡಾಕ್ಟರಮ್ಮನ ಹಳೆಯ ಕೋಟು ಹಾಕಿಕೊಂಡ ಒಬ್ಬ ಹೆಂಗಸು ಅವಳನ್ನೇ ಕುತೂಹಲದಿಂದ ನೋಡುತ್ತಿದ್ದಳು. ಯಾರಿವಳು, ಎಲ್ಲಿ ಇಳಿಯುತ್ತಾಳೆ ಎಂದು ತಿಳಿಯಬೇಕೆನಿಸಿತು.

ಆ ಒಂದೂವರೆ ನಿಮಿಷದಲ್ಲಿ ಅವಳಿಗೆ ನೆನಪಾದದ್ದು ಚಿತ್ರದುರ್ಗದ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನ ಒಂದೇ ಒಂದು ಕೋಣೆ. ಇಂಟರ್‌ಮೀಡಿಯೆಟ್ ಓದುವಾಗ ಎರಡು ವರ್ಷ ಅವಳು ಅಲ್ಲಿ ಅತ್ತೆಯ ಜೊತೆಗಿದ್ದಳು. ಸಂಜೆ ಡ್ಯೂಟಿ ಮುಗಿಸಿ ಬಂದ ಬೋರಕ್ಕ, ಹುಡುಗಿ ಪುಸ್ತಕ ಬಿಡಿಸಿದ್ದು ಕಂಡರೆ ಒಳಗೆ ಬರುತ್ತಿರಲಿಲ್ಲ. ಸೆರಗಿನಿಂದ ಮೆಟ್ಟಿಲು ಒರೆಸಿಕೊಂಡು ಹೊರಗೇ ಕೂರುತ್ತಿದ್ದಳು. ಓದು ಮುಗಿಯಿತೆಂದು ಕಮಲಮ್ಮ ದೀಪ ತಗ್ಗಿಸಿದಾಗ ಎದ್ದು ಬರುತ್ತಿದ್ದಳು. ದೀಪ ತಗ್ಗಿಸದೆ ಓದಿನ ಮೇಲೆಯೇ ನಿದ್ದೆಹೋದ ರಾತ್ರಿಗಳು ಎಷ್ಟಿದ್ದವು? ಆ ರಾತ್ರಿಗಳಲ್ಲಿ ಅವಳು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದಳು, ಏನು ಯೋಚಿಸುತ್ತಿದ್ದಳು? ಭೂಮಿ ತನ್ನ ಸುತ್ತ ತಿರುಗಲು ಎಷ್ಟು ಹೊತ್ತು ಬೇಕೆಂದು ಕೇಳಿ ಕೇಳಿ ಮಕ್ಕಳ ಕಿವಿ ಹಿಂಡಿದವಳು ಈ ಲೆಕ್ಕವನ್ನು ಒಂದು ಸಲವೂ ಕೇಳಿರಲಿಲ್ಲ. ಚಾನ್ಸರಿ ಲೇನ್ ಎಂಬ ಸ್ಟೇಷನ್ ಬಂತು. ಕಮಲಮ್ಮ ಬೆಂಕಿ ಮುಟ್ಟಿದವಳ ಹಾಗೆ ಎದ್ದು ಇಳಿದಳು.

ತಿರುಗಿ ಹೋಗುವ ಪ್ಲಾಟ್‌ಫಾರ್ಮು ಹುಡುಕಲು ಎರಡು ಕಡೆ ಮೆಟ್ಟಿಲು ಹತ್ತಿ ಇಳಿಯಬೇಕಾಯಿತು. ನಾಲ್ಕು ದಿನ ಅಷ್ಟು ಇಷ್ಟವಾಗಿದ್ದ ಬಾಣದ ಗುರುತುಗಳು ಈಗ ಎಲ್ಲ ಕಡೆಗೂ ತೋರಿಸುತ್ತಿದ್ದವು. ಎಡಗಡೆ ನಡೆದಳು, ಬಲಗಡೆ ನಡೆದಳು, ಜನ ಸರಿದು ದಾರಿ ಬಿಟ್ಟರು. ಗಾಡಿ ಹತ್ತಿ, ನಿಂತೇ ಇದ್ದು, ಕೋರ್ಟಿಗೆ ವಾಪಸ್ಸಾಗಿ, ಓಣಿ ದಾಟಿ ಮೊದಲಿನ ಪ್ಲಾಟ್‌ಫಾರ್ಮಿಗೆ ಓಡಿದಾಗ ಹತ್ತು ನಿಮಿಷ ಕಳೆದಿರಬೇಕು. ಸಾಬೂನಿನ ಚಿತ್ರ ಅಲ್ಲೇ ಇತ್ತು. ಅದರ ಕೆಳಗೆ ಬೆಂಚೂ ಇತ್ತು. ಬೋರಕ್ಕ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಒಂದು ಗಾಡಿ ಬಂದು ಇದ್ದವರನ್ನೆಲ್ಲ ಗುಡಿಸಿಕೊಂಡು ಹೋಯಿತು, ಹೊಸ ಜನ ಬಂದು ತುಂಬಿಕೊಂಡರು. ಅಷ್ಟರಲ್ಲಿ ಅವಳಿಗೆ ಒಂದು ವಿಷಯ ನಿಚ್ಚಳವಾಯಿತು. ಅತ್ತೆ ಕಳೆದುಹೋದರೆ ಯಾರೂ ತನ್ನನ್ನು ಬೈಯುವುದಿಲ್ಲ. ಬಾಗಿಲು ಮುಚ್ಚಿತು ಎನ್ನುತ್ತಾರೆ, ಪಾಪ ಎನ್ನುತ್ತಾರೆ. ಹೋಬರ್ನಿನಲ್ಲಿ ಏಳದೆ ಕೂತಿದ್ದು ಯಾರಿಗೂ ತಿಳಿಯುವುದಿಲ್ಲ. ಯಾರಿಗೂ ತಿಳಿಯದ ಒಂದನ್ನು ಹೊಸದುರ್ಗಕ್ಕೆ ಹೊತ್ತುಕೊಂಡು ಹೋಗಿ, ಜೂನ್ ತಿಂಗಳಲ್ಲಿ ಅದರ ಜೊತೆ ಕ್ಲಾಸಿಗೆ ಹೋಗಬೇಕು.

ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಪೊರಕೆ ಹಿಡಿದಿದ್ದ ಸ್ಟೇಷನ್ನಿನ ಹೆಂಗಸೊಬ್ಬಳು ಅವಳು ಮೂರನೆಯ ಸಲ ಹಾದುಹೋಗುವುದನ್ನು ನೋಡಿ ಪೊರಕೆಯನ್ನು ಗೋಡೆಗೆ ಆನಿಸಿದಳು. ದಪ್ಪನೆಯ, ಕಪ್ಪು ಬಣ್ಣದ, ಐವತ್ತರ ಹೆಂಗಸು, ನೀಲಿ ಸಮವಸ್ತ್ರ. ಯಾರನ್ನು ಹುಡುಕುತ್ತಿದ್ದೀಯಮ್ಮಾ ಎಂದು ಕೇಳಿದ ಅವಳ ಇಂಗ್ಲಿಷಿಗೆ ಬೇರೆಯೇ ಒಂದು ರಾಗವಿತ್ತು. ಅದೂ ಬೇರೆ ಊರಿಂದ ಬಂದ ಇಂಗ್ಲಿಷು ಎಂದು ತಿಳಿದ ಕೂಡಲೇ ಕಮಲಮ್ಮನ ನಾಲಿಗೆ ಸಡಿಲವಾಯಿತು. ವ್ಯಾಕರಣ ಬಿಟ್ಟು, ಕಾಲ ಬಿಟ್ಟು, ಒಂದೇ ಉಸಿರಿಗೆ ಹೇಳಿದಳು. ಹೆಂಗಸು ಅವಳ ಮೊಣಕೈ ಹಿಡಿದು ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ತನ್ನ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಮುಚ್ಚಳ ಒಂದೇ ಇತ್ತು. ಅವಳ ಪಾಲಿನ ಚಹಾ ಅದು. ಫೋನಿನ ಪಕ್ಕ ಒಂದು ಕಾಗದ ಎಳೆದುಕೊಂಡು ಹೆಸರು ಕೇಳಿದಳು, ಕಮಲಮ್ಮ ಹೇಳಿದಳು. ವಯಸ್ಸು ಕೇಳಿದಳು, ಹೇಳಿದಳು. ಎತ್ತರ ಕೇಳಿದಳು, ನನ್ನ ಭುಜದವರೆಗೆ ಎಂದಳು. ಯಾವ ಬಣ್ಣದ ಸೀರೆ ಎಂದು ಕೇಳಿದಳು.

ಕಮಲಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಸಾಬೂನಿನ ಚಿತ್ರದ ಹುಡುಗಿಯ ಅಂಗಿ ಹಳದಿ. ಮುಂದಿನ ಸೀಟಿನವನ ಕಾಲುಚೀಲ ಬೂದು, ಒಂದರ ಹಿಮ್ಮಡಿ ಹರಿದಿತ್ತು. ಕಪ್ಪು ಗೆರೆಯ ಸ್ಟೇಷನ್ನುಗಳನ್ನು ಕಣ್ಣು ಮುಚ್ಚಿ ಸಾಲಾಗಿ ಹೇಳಬಲ್ಲಳು. ಬೆಳಿಗ್ಗೆ ಪೆಟ್ಟಿಗೆಯಿಂದ ಆ ಸೀರೆಯನ್ನು ತೆಗೆದು ಅತ್ತೆಗೆ ಕೊಟ್ಟವಳು ತಾನೇ. ಚಳಿಗೆ ಸೆರಗು ಹಾರದ ಹಾಗೆ ಪಿನ್ನು ಹಾಕಿದವಳೂ ತಾನೇ. ಪಿನ್ನು ಕಾಣಿಸುತ್ತಿತ್ತು, ಬೆರಳು ಕಾಣಿಸುತ್ತಿತ್ತು, ಬಟ್ಟೆ ಕಾಣಿಸುತ್ತಿರಲಿಲ್ಲ. ನಾಲ್ಕು ದಿನದಿಂದ ಈ ಊರಿನ ಒಂದೊಂದು ಹೆಂಚನ್ನೂ ನೋಡಿದ ಕಣ್ಣು ಕೈಯಲ್ಲಿ ಹಿಡಿದುಕೊಂಡು ತಿರುಗಿದ್ದನ್ನು ನೋಡಿರಲಿಲ್ಲ. ಗೊತ್ತಿಲ್ಲ ಎಂದಳು. ಇಂಗ್ಲಿಷಿನಲ್ಲಿ ಅಷ್ಟು ಸಣ್ಣ ವಾಕ್ಯವನ್ನು ಅವಳು ಎಂದೂ ಅಷ್ಟು ಕಷ್ಟಪಟ್ಟು ಹೇಳಿರಲಿಲ್ಲ. ಹೆಂಗಸು ಪೆನ್ಸಿಲ್ಲು ಎತ್ತಿದವಳು ಒಂದು ಕ್ಷಣ ಅವಳನ್ನು ನೋಡಿದಳು. ಆಮೇಲೆ, ಪರವಾಗಿಲ್ಲ, ಇವತ್ತು ಈ ಗೆರೆಯ ಮೇಲೆ ಸೀರೆ ಉಟ್ಟ ಮುದುಕಿಯರು ಬಹಳ ಇರಲಾರರು ಎಂದು ಕಾಗದದ ಮೇಲೆ ಬರೀ ಸೀರೆ ಎಂದು ಬರೆದುಕೊಂಡಳು.

ನೀವು ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿದಳು. ಸೇಂಟ್ ಪಾಲ್ಸ್ ಎಂದಳು ಕಮಲಮ್ಮ. ಹಾಗಾದರೆ ಅಲ್ಲೇ ಇರುತ್ತಾಳಲ್ಲ ಎಂದಳು ಆ ಹೆಂಗಸು, ಪಾತ್ರೆ ಗೂಡಿನಲ್ಲಿ ಇರುತ್ತದೆ ಎನ್ನುವಷ್ಟು ಸಹಜವಾಗಿ. ಇಲ್ಲ, ಅವಳಿಗೆ ಓದು ಬರುವುದಿಲ್ಲ, ಒಬ್ಬಳೇ ಗಾಡಿ ಹತ್ತುವವಳಲ್ಲ ಎಂದು ಕಮಲಮ್ಮ ಅವಸರವಾಗಿ ಹೇಳಿದಳು. ಹೆಂಗಸು ನಂಬರು ತಿರುಗಿಸುತ್ತ, ತನ್ನ ತಾಯಿಗೂ ಓದು ಬರುವುದಿಲ್ಲ, ಬಾರ್ಬಡೋಸಿನಿಂದ ಬಂದ ಎರಡನೆಯ ವಾರ ಯಾರಿಗೂ ಹೇಳದೆ ಎರಡು ಗಾಡಿ ಬದಲಾಯಿಸಿ ಮೀನಿನ ಮಾರ್ಕೆಟ್ಟಿಗೆ ಹೋಗಿಬಂದಳು, ತಾವೆಲ್ಲ ಪೊಲೀಸಿನವರೆಗೂ ಹೋಗಿದ್ದೆವು, ಮೀನು ಮಾತ್ರ ಚೆನ್ನಾಗಿತ್ತು ಎಂದಳು. ಫೋನಿನ ಆಚೆ, ಸೇಂಟ್ ಪಾಲ್ಸ್ ಸ್ಟೇಷನ್ನಿನಲ್ಲಿ ಯಾರನ್ನೋ ಹೆಸರು ಹಿಡಿದು ಕರೆದು, ಕೆಳಗೆ ಹೋಗಿ ನೋಡಲು ಹೇಳಿದಳು. ಕಾದರು. ಚಹಾ ಆರಿತು. ಗೋಡೆಯ ಆಚೆ ಎರಡು ಗಾಡಿ ಬಂದು ಹೋದವು, ಪ್ರತಿ ಸಲವೂ ಮುಚ್ಚಳದಲ್ಲಿ ಚಹಾ ನಡುಗಿತು. ಕೊನೆಗೆ ಫೋನಿನಲ್ಲಿ ದನಿ ಬಂತು. ಹೆಂಗಸು ಕೇಳಿಸಿಕೊಂಡು, ನಗುತ್ತ ಇಟ್ಟಳು. ಬೆಂಚಿನ ಮೇಲೆ ಕೂತಿದ್ದಾಳಂತೆ, ಕಾಲು ಮಡಿಸಿಕೊಂಡು. ಮೇಲೆ ಬಾ ಎಂದರೆ ಬರುವುದಿಲ್ಲವಂತೆ, ಇಲ್ಲೇ ಎಂದು ನೆಲಕ್ಕೆ ಬೆರಳು ತೋರಿಸುತ್ತಾಳಂತೆ. ಆಮೇಲೆ, ಮೆಲ್ಲಗೆ, ಹಸಿರು ಸೀರೆ ಎಂದಳು.

ಕಮಲಮ್ಮ ಗಾಡಿಯಲ್ಲಿ ಬಾಗಿಲ ಪಕ್ಕವೇ ನಿಂತಿದ್ದಳು. ಹೋಬರ್ನ್ ಬಂದು ಹೋಯಿತು. ಚಾನ್ಸರಿ ಲೇನ್ ಬಂದು ಹೋಯಿತು. ಕೂತಲ್ಲೇ ಕೂತಿದ್ದರೆ, ಪೂರ್ತಿ ಸ್ವಾರ್ಥಿಯಾಗಿದ್ದಿದ್ದರೆ, ಮೂರನೆಯದರಲ್ಲಿ ಇಳಿದು ಅತ್ತೆಗಾಗಿ ಕಾಯುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ಅರ್ಧ ಒಳ್ಳೆಯವಳಾಗಲು ಹೋಗಿ ಇಷ್ಟೆಲ್ಲ ಆಯಿತು ಎಂಬ ಯೋಚನೆ ಬಂದು, ನಗಬೇಕೋ ಬೇಡವೋ ತಿಳಿಯಲಿಲ್ಲ. ಬಾಗಿಲು ತೆರೆದಾಗ ಮೊದಲು ಕಂಡಿದ್ದು ಹಸಿರು. ಎಳೆ ಹುಣಸೆ ಎಲೆಯ ಹಸಿರು, ಕೆಂಪು ಅಂಚು. ಎಷ್ಟು ಎದ್ದು ಕಾಣುವ ಬಣ್ಣ. ಬೋರಕ್ಕ ಬೆಂಚಿನ ಮೇಲೆ ಚಕ್ಕಂಬಕ್ಕಲು ಹಾಕಿಕೊಂಡು, ಚಪ್ಪಲಿಯನ್ನು ಕೆಳಗೆ ಜೋಡಿಸಿಟ್ಟು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸ್ವಲ್ಪ ದೂರದಲ್ಲಿ ಸಮವಸ್ತ್ರದ ಹುಡುಗನಂಥ ಗಂಡಸೊಬ್ಬ, ಕಾವಲೆಂದು ಕಾಣಬಾರದೆಂಬ ಹಾಗೆ, ಗಡಿಯಾರ ನೋಡುತ್ತ ನಿಂತಿದ್ದ. ಕಮಲಮ್ಮನನ್ನು ಕಂಡು ಟೋಪಿ ಮುಟ್ಟಿಕೊಂಡು ಹೊರಟುಹೋದ. ಕಮಲಮ್ಮನ ಕೈ ತಾನಾಗಿ ಆ ಮಣಿಕಟ್ಟಿನ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಅವಳು ಬೆಂಚಿನ ಮೇಲೆ, ಒಂದು ಗೇಣು ಬಿಟ್ಟು, ಕೂತಳು.

"ಎಲ್ಲಿಗೋಗಿದ್ದೆ?" ಎಂದಳು ಬೋರಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಮುಂದೆ ಹೋಗಿದ್ದು ಹಿಂದೆ ಬರೋ ಗಾಡಿಗೆ ಬಾ ಅಂತ ತಾನೆ? ಮೂರನೇದಕ್ಕೆ ಇಳಿದೆ. ಇಲ್ಲಿ ನೋಡಿದ್ರೆ ನೀನೇ ಇಲ್ಲ."

ಬಾಗೂರಿನ ಬಸ್ಸು ತಪ್ಪಿದವರು ಹಿಂದೆ ಬರುವ ಬಸ್ಸಿಗೆ ಬರುತ್ತಾರೆ, ಮೊದಲು ಹೋದವರು ಇಳಿದ ಕಡೆ ಕಾಯುತ್ತಾರೆ. ಯಾರೂ ಹುಡುಕಿಕೊಂಡು ವಾಪಸ್ಸು ಹೋಗುವುದಿಲ್ಲ. ಕಮಲಮ್ಮನಿಗೆ ಇದೂ ಗೊತ್ತಿದ್ದದ್ದೇ. ತಾನು ಹುಡುಕಲು ಹಿಂದಕ್ಕೆ ಹೋಗಿದ್ದೆ ಎಂದು ಹೇಳಲು ಹೊರಟಳು. ಅಷ್ಟರಲ್ಲಿ ಬೋರಕ್ಕ ಕೇಳಿದಳು:

"ಸೀಟು ಸಿಕ್ತೇನೇ?"

ತಮಾಷೆಯೇನೋ ಎಂದು ಕಮಲಮ್ಮ ಮುಖ ನೋಡಿದಳು. ತಮಾಷೆಯಲ್ಲ. ಅಷ್ಟು ನುಗ್ಗಿದವಳಿಗೆ ಸಿಕ್ಕಿತೋ ಇಲ್ಲವೋ ಎಂದು ನಿಜವಾಗಿಯೂ ತಿಳಿಯಬೇಕಾಗಿತ್ತು.

"ಸಿಕ್ತು ಅತ್ತೆ."

"ಕುಂತ್ಕಂಡ್ಯಾ?"

ಸುರಂಗದ ಬಾಯಿ ಎದುರಿಗೇ ಇತ್ತು. ಕಮಲಮ್ಮ ಅದನ್ನೇ ನೋಡುತ್ತ ಹೇಳಿದಳು, "ಕುಂತ್ಕಂಡೆ. ಮೊದಲ್ನೇ ಸ್ಟೇಷನ್ನಾಗೆ ಇಳಿದು ನಿನ್ ಹತ್ರ ಬರಬೌದಿತ್ತು. ಬರ್ಲಿಲ್ಲ. ಇನ್ನೊಂದು ಸ್ಟೇಷನ್ ಹಂಗೇ ಕುಂತಿದ್ದೆ. ಯಾಕೋ ಏಳಾಕೆ ಮನಸ್ಸಾಗ್ಲಿಲ್ಲ."

ಸ್ಟಾಫ್ ರೂಮಿನಲ್ಲಿ ಎಂದೂ ಆಡದ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೆ ತಿಳಿಯಿತು. ಬೋರಕ್ಕ ಕಾಲಿನ ಹೆಬ್ಬೆರಳನ್ನು ಒತ್ತಿಕೊಂಡಳು. ಆಮೇಲೆ, ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ ಇನ್ನೊಂದು ತುತ್ತು ಬಡಿಸುವವಳ ಹಾಗೆ ದನಿ ತಗ್ಗಿಸಿದಳು.

"ನಾನೂವೆ ಆ ಕೋರ್ಟಿನ ಹತ್ರ ಎರಡು ಗಾಡಿ ಬಿಟ್ಟೆ ಕಣೇ."

"ಹತ್ತಾಕೆ ಹೆದರಿಕೆ ಆತಾ?"

"ಹೆದರಿಕೆ ಏನು. ಬಾಗ್ಲು ತಗೀತಿತ್ತು, ಮುಚ್ಚಿಕೊಂತಿತ್ತು. ಒಬ್ಬಾಕಿ ಕೆಂಪು ಟೋಪಿ ಹಾಕ್ಕಂಡು ನಾಯಿಮರೀನ ಕಂಕುಳಾಗೆ ಇಟ್ಕಂಡಿದ್ಲು, ಅದು ನನ್ ನೋಡ್ತು. ಹಂಗೇ ನೋಡ್ತಾ ಕುಂತೆ. ನೀನು ಹುಡುಕ್ತೀಯಾ ಅನ್ನೋದು ಗ್ಯಾನಕ್ಕೇ ಬರ್ಲಿಲ್ಲ." ಯಾರ ಮೇಲೂ ತಪ್ಪು ಹೊರಿಸದ ದನಿಯಲ್ಲಿ ಸೇರಿಸಿದಳು, "ಚೆಂದ ಇತ್ತು."

ಕಮಲಮ್ಮ ಅತ್ತೆಯನ್ನು ನೋಡಿದಳು. ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕತ್ತಿನ ಮೇಲೆ ಹಳೆಯ ಸುಟ್ಟ ಕಲೆ ಇತ್ತು. ಯಾವಾಗ ಸುಟ್ಟಿತು ಎಂದು ಕೇಳಬೇಕೆನಿಸಿತು, ಕೇಳುವುದಕ್ಕೆ ಇನ್ನೂ ಎರಡು ವಾರ ಇದೆ ಎಂದು ಹೊಳೆದು ಸಮಾಧಾನವೂ ಆಯಿತು. ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಇಬ್ಬರೂ ಒಂದೊಂದು ಹಿಡಿ ಅವಲಕ್ಕಿ ತಿಂದರು. ಗುಡಿ ನೋಡೋಕೆ ಹೊತ್ತಾಗುತ್ತದೆ, ಏಳು ಅತ್ತೆ ಎಂದು ಕಮಲಮ್ಮ ಹೇಳಿದಳು.

"ಗುಡಿ ಎಲ್ಲಿಗೋಗ್ತತೆ. ಇನ್ನೊಂದು ಗಾಡಿ ನೋಡಾಣ, ಕುಂತ್ಕ."

ಗಾಳಿ ಬಂತು. ಬೋರಕ್ಕನ ಸೆರಗು ಅಲ್ಲಾಡಿತು. ಸದ್ದು ಬಂತು, ದೀಪ ಬಂತು, ಗಾಡಿ ನಿಂತು ಸರಿಯಾಗಿ ಅವರ ಎದುರಿಗೇ ಬಾಗಿಲು ತೆರೆಯಿತು. ಒಳಗೆ ಕೂತಿದ್ದ ಒಬ್ಬ ಗಂಡಸು ಬೆಂಚಿನ ಮೇಲಿನ ಇಬ್ಬರನ್ನು ಕಂಡು, ಪಕ್ಕದ ಸೀಟಿನ ಮೇಲಿಟ್ಟಿದ್ದ ತನ್ನ ಪೆಟ್ಟಿಗೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ; ಬನ್ನಿ, ಜಾಗವಿದೆ ಎನ್ನುವಂತೆ ಸ್ವಲ್ಪ ಒತ್ತಿ ಕೂತ. ಕಮಲಮ್ಮ ಅವನಿಗೆ ತಲೆಬಾಗಿ, ಬೇಡವೆಂದು ಮೆಲ್ಲಗೆ ಕೈಯಾಡಿಸಿದಳು. ಅವನೂ ಕೈಯೆತ್ತಿದ. ಬಾಗಿಲು ಮುಚ್ಚಿತು.